ಹಂಗೇರಿಯ ಗಡಿ, ನಮ್ಮ ಗಡಿ

ಜೂನ್ 4, 2025, ಬುಧವಾರ
ಬದಿಯಡ್ಕ

ಹಂಗೇರಿಯಲ್ಲಿ ಇವತ್ತು ಸರ್ಕಾರವೇ ಜನರಿಗೆ ಹಳೇ ನೋವು ನೆನಪಿಸುವ ದಿನ. ಮೊದಲ ಮಹಾಯುದ್ಧದಲ್ಲಿ ಸೋತ ಮೇಲೆ ಆದ 1920ರ ಜೂನ್ 4ರ ಟ್ರಿಯಾನಾನ್ ಒಪ್ಪಂದದಲ್ಲಿ ಆ ದೇಶದ ಮೂರರಲ್ಲಿ ಎರಡು ಪಾಲು ನೆಲ ಹೋಯಿತು. ಲಕ್ಷಗಟ್ಟಲೆ ಜನ ಮನೆಯಿಂದ ಕದಲದೆಯೇ ಬೇರೆ ದೇಶದವರಾದರು. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? 1956ರ ನವೆಂಬರ್ 1ಕ್ಕೆ ಇಲ್ಲಿ ಆದದ್ದೂ ಹೆಚ್ಚುಕಮ್ಮಿ ಇದೇ (ಕನ್ನಡದ ನಾವು ಕೇರಳಕ್ಕೆ ಸೇರಿದೆವು, ನಮ್ಮದು ರಾಜ್ಯ ಬದಲಾಯಿತು, ದೇಶ ಅಲ್ಲ, ಆ ವ್ಯತ್ಯಾಸ ಸಣ್ಣದೇನಲ್ಲ).

ಆ ನೋವು ಸುಳ್ಳಲ್ಲ. ಸುಳ್ಳಾಗಿದ್ದರೆ ರಾಜಕಾರಣಿಗಳಿಗೆ ಉಪಯೋಗಕ್ಕೇ ಬರುತ್ತಿರಲಿಲ್ಲ. 2010ರಲ್ಲಿ ಓರ್ಬಾನ್ ಮತ್ತೆ ಪ್ರಧಾನಿಯಾದ ಕೂಡಲೇ ಜೂನ್ 4 ರಾಷ್ಟ್ರೀಯ ಒಗ್ಗಟ್ಟಿನ ದಿನವಾಯಿತು, ಗಡಿಯಾಚೆಯ ಹಂಗೇರಿಯನ್ನರಿಗೆ ಪೌರತ್ವ ಸುಲಭವಾಯಿತು, ಆಮೇಲೆ ಮತದಾನದ ಹಕ್ಕೂ ಬಂತು. 2014ರ ಚುನಾವಣೆಯಲ್ಲಿ ಹೀಗೆ ಅಂಚೆಯಲ್ಲಿ ಬಂದ ಮತಗಳಲ್ಲಿ ನೂರಕ್ಕೆ ಸುಮಾರು 95 ಅವರ ಫಿಡೆಸ್ ಪಕ್ಷಕ್ಕೇ ಬಿದ್ದವು. ಇದರಲ್ಲೊಂದು ತಮಾಷೆ ಇದೆ. ರೊಮೇನಿಯಾದಲ್ಲೇ ಹುಟ್ಟಿ ಬೆಳೆದವನು ಮನೆಯಲ್ಲಿ ಕೂತು ಅಂಚೆಯಲ್ಲಿ ಮತ ಕಳಿಸಬಹುದು, ಆದರೆ ಬುಡಾಪೆಸ್ಟ್‌ನಲ್ಲಿ ವಿಳಾಸ ಇಟ್ಟುಕೊಂಡು ಲಂಡನ್‌ನಲ್ಲಿ ದುಡಿಯುವವನು ರಾಯಭಾರ ಕಚೇರಿಗೇ ಹೋಗಿ ಸಾಲು ನಿಲ್ಲಬೇಕು. ಕೆಲಸ ಹುಡುಕಿ ಊರು ಬಿಟ್ಟವನಿಗೆ ಸರ್ಕಾರದ ಮೇಲೆ ಸಿಟ್ಟು ಜಾಸ್ತಿ, ಅಂಥವನ ಮತ ಸುಲಭವಾಗಿ ಬಂದು ಯಾರಿಗೇನು ಲಾಭ? ನನಗಂತೂ ಲೆಕ್ಕ ಹೀಗೇ ಕಾಣುತ್ತದೆ.

2020ರಲ್ಲಿ ಸಂಸತ್ ಭವನದ ಹತ್ತಿರ 100 ಮೀಟರ್ ಉದ್ದದ ಸ್ಮಾರಕ ಕಟ್ಟಿದರು. ಹಳೇ ಹಂಗೇರಿಯ 12 ಸಾವಿರಕ್ಕೂ ಹೆಚ್ಚು ಊರುಗಳ ಹೆಸರು ಅದರ ಗೋಡೆ ಮೇಲಿದೆ. 2022ರಲ್ಲಿ ಓರ್ಬಾನ್ ಫುಟ್‌ಬಾಲ್ ಪಂದ್ಯಕ್ಕೆ ಹಳೇ ನಕಾಶೆಯ ಶಾಲು ಹಾಕಿಕೊಂಡು ಹೋದಾಗ ಉಕ್ರೇನ್, ರೊಮೇನಿಯಾ ಎರಡೂ ಸಿಟ್ಟಾದವು. ಇಷ್ಟೆಲ್ಲ ಆದರೂ ನೆಲ ಒಂದಿಂಚು ವಾಪಸ್ ಬಂದಿಲ್ಲ. ಬರುವುದೂ ಇಲ್ಲ, ಅದು ಅವರಿಗೂ ಗೊತ್ತು.

ನಮ್ಮಲ್ಲೂ ನವೆಂಬರ್ ಬಂದರೆ ಮೈಕ್ ಬರುತ್ತದೆ. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ್ ಆಯೋಗದ ವರದಿ ಹೇಳಿದ್ದು ನಿಜ, ಅದನ್ನು ಕೇಳಿದರೆ ನನಗೂ ಮೈ ಜುಮ್ ಅನ್ನುತ್ತದೆ. ಆದರೆ ಕನ್ನಡ ಬಾರದ ಮಾಷ್ಟ್ರನ್ನು ಕನ್ನಡ ಶಾಲೆಗೆ ಹಾಕಿದಾಗ ಕಚೇರಿಯಿಂದ ಕಚೇರಿಗೆ ಅಲೆಯುವವರು ಮಕ್ಕಳ ಅಪ್ಪ ಅಮ್ಮ ಮಾತ್ರ. ಆಗ ಮೈಕಿನವರು ಯಾರೂ ಕಾಣಿಸುವುದಿಲ್ಲ.

ಈ ವಾರ ಶಾಲೆ ಶುರುವಾಗಿದೆ. ಪಕ್ಕದ ಮನೆ ಹುಡುಗಿಗೆ ಈ ವರ್ಷ ಗಣಿತ ಹೇಳಿಕೊಡುವವರಿಗೆ ಕನ್ನಡ ಓದಲೇ ಬರುವುದಿಲ್ಲವಂತೆ. ಅವಳ ಅಪ್ಪ ನಾಳೆ ಅರ್ಜಿ ಕೊಡಲು ಹೋಗುತ್ತಾರೆ, ನಾನೂ ಜೊತೆಗೆ ಹೋಗುತ್ತೇನೆ. ಅರ್ಜಿ ಒಂದೇ ಪುಟ. ಮಹಾಜನ್ ವರದಿಯ ಸುದ್ದಿಯೇ ಅದರಲ್ಲಿಲ್ಲ.