ಸ್ಲೇಟಿನಿಂದ ಅಳಿಸಿದ ಎಸ್

1994ರಲ್ಲಿ ನಾನು ಹಾಸನ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದೆ. ಕನ್ನಡ ಮಾಧ್ಯಮದ ನಮಗೆ ಇಂಗ್ಲಿಷ್ ಆರಂಭವಾಗಿದ್ದುದೇ ಐದನೆಯ ತರಗತಿಯಲ್ಲಿ. ಅಸರ್ಟಿವ್ (ಹೇಳಿಕೆ), ಇಂಟರಾಗೇಟಿವ್ (ಪ್ರಶ್ನೆ), ಇಂಪರೇಟಿವ್ (ಆಜ್ಞೆ), ಎಕ್ಸ್‌ಕ್ಲಮೇಟರಿ (ಉದ್ಗಾರ) ಎಂಬ ನಾಲ್ಕು ಬಗೆಯ ವಾಕ್ಯಗಳ ಲಕ್ಷಣಗಳು ನಮಗೆ ಬಾಯಿಪಾಠವಾಗಿದ್ದವು. ಆದರೆ ಒಂದನ್ನು ಇನ್ನೊಂದಾಗಿ ಬದಲಿಸಲು ಹೇಳಿದ ಕಿರುಪರೀಕ್ಷೆಯಲ್ಲಿ ‘ಶೀ ಸಿಂಗ್ಸ್ ವೆಲ್’ (ಅವಳು ಚೆನ್ನಾಗಿ ಹಾಡುತ್ತಾಳೆ) ಎಂಬುದನ್ನು ಪ್ರಶ್ನೆಯಾಗಿಸುವಾಗ ಬಹುಪಾಲು ಮಕ್ಕಳು ‘ಡಸ್ ಶೀ ಸಿಂಗ್ಸ್ ವೆಲ್?’ ಎಂದೇ ತಪ್ಪಾಗಿ ಬರೆದಿದ್ದೆವು.

ಉತ್ತರಪತ್ರಿಕೆ ಕೊಟ್ಟ ದಿನ ಟೀಚರ್ ಯಾರನ್ನೂ ಗದರಲಿಲ್ಲ. ಪಕ್ಕದ ಪ್ರಾಥಮಿಕ ಶಾಲೆಯಿಂದ ಐದು ಸ್ಲೇಟು ತರಿಸಿದರು. ಮೂರರ ಮೇಲೆ ‘ಶೀ’, ‘ಸಿಂಗ್ಸ್’, ‘ವೆಲ್’ ಎಂದು ಬರೆದು ಮೂವರ ಕೈಗಿತ್ತು ಸಾಲಾಗಿ ನಿಲ್ಲಿಸಿದರು. ‘ಸಿಂಗ್ಸ್’ ನನ್ನ ಪಾಲಿಗೆ ಬಂತು. ‘ಡೂ’ ಹಿಡಿದ ಗೆಳತಿ ಬಾಗಿಲ ಬಳಿ, ‘ಹೌ’ ಹಿಡಿದವಳು ಕಿಟಕಿಯ ಬಳಿ ಕಾದು ನಿಂತರು.

“ಕನ್ನಡದಲ್ಲಿ ‘ಚೆನ್ನಾಗಿ ಹಾಡುತ್ತಾಳೆ’ ಎನ್ನುವುದನ್ನು ಪ್ರಶ್ನೆ ಮಾಡಿ” ಎಂದರು ಟೀಚರ್. “ಹಾಡುತ್ತಾಳೆಯೇ?” ಎಂದೆವು. ಕೊನೆಗೆ ಒಂದು ‘ಏ’ ಸೇರಿತು, ಯಾವ ಪದವೂ ಜಾಗ ಬಿಡಲಿಲ್ಲ. ಹಾಡುವವಳು ಹೆಣ್ಣು, ಒಬ್ಬಳು ಎಂಬುದನ್ನೂ ‘ಆಳೆ’ ಎಂಬ ಪ್ರತ್ಯಯವೇ ಹೇಳಿಬಿಡುವುದರಿಂದ ‘ಅವಳು’ ಎಂಬ ಪದವೇ ನಮಗೆ ಬೇಕಾಗಿರಲಿಲ್ಲ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಅನುಕೂಲವಿಲ್ಲ. ಅದರ ಬಳಿ ಇರುವುದು ಒಂದು ಎಸ್ ಮಾತ್ರ. ಪ್ರಶ್ನೆ ಕೇಳುವಾಗ ಅದನ್ನೂ ಬಿಟ್ಟುಕೊಡಬೇಕು.

ಬಾಗಿಲ ಬಳಿಯ ಗೆಳತಿ ಸಾಲಿನ ತುದಿಗೆ, ‘ಶೀ’ಗಿಂತ ಮುಂದಕ್ಕೆ ಬಂದು ನಿಂತಳು. “ಈಗ ನಿನ್ನ ಎಸ್ ಅವಳಿಗೆ ಕೊಡು” ಎಂದು ಟೀಚರ್ ನನಗೆ ಹೇಳಿದರು. ನಾನು ಹೆಬ್ಬೆರಳಿನಿಂದ ಆ ಅಕ್ಷರವನ್ನು ಒರೆಸಿದೆ; ಬೆರಳಿಗೆ ಬಳಪದ ಬಿಳಿ ಹತ್ತಿತು. ಅವಳು ತನ್ನ ಸ್ಲೇಟಿನಲ್ಲಿ ಅದನ್ನು ಬರೆದುಕೊಂಡು, ಮಧ್ಯದಲ್ಲಿ ಒಂದು ಇ ಸೇರಿಸಿದಳು. ಡಸ್ ಶೀ ಸಿಂಗ್ ವೆಲ್? ನಾಲ್ಕು ವರ್ಷ ಕಣ್ಣಿಗೆ ಬೀಳದಿದ್ದ ಸಂಗತಿ ಆ ಕ್ಷಣ ನನ್ನ ಕೈಯಲ್ಲೇ ನಡೆಯಿತು: ಎಸ್ ಒಂದೇ ಇತ್ತು, ಅದು ಎರಡು ಕಡೆ ಇರಲಾರದು.

ಆಜ್ಞೆಯ ವಾಕ್ಯಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ‘ಡಸ್’ ಮತ್ತು ‘ಶೀ’ ಹೋಗಿ ಕುಳಿತರು, ‘ಸಿಂಗ್ ವೆಲ್’ ಉಳಿಯಿತು. ‘ಚೆನ್ನಾಗಿ ಹಾಡು’ ಎನ್ನುವಾಗ ನಾವೂ ‘ನೀನು’ ಎನ್ನುವುದನ್ನು ಬಿಡುತ್ತೇವಲ್ಲ.

ಉದ್ಗಾರದ ವಾಕ್ಯಕ್ಕೆ ‘ಹೌ’ ಸಾಲಿನ ತುದಿಗೆ ಬಂದಾಗ, ಪ್ರಶ್ನೆಯಂತೆಯೇ ಇರಬೇಕೆಂದುಕೊಂಡು ‘ಡಸ್’ ಕೂಡ ಎದ್ದು ಬಂದಳು. ಟೀಚರ್ ಅವಳನ್ನು ಮೃದುವಾಗಿ ತಡೆದರು. ಇಲ್ಲಿ ಕೇಳುವುದೇನೂ ಇಲ್ಲ, ಹಾಗಾಗಿ ಸಹಾಯಕ ಕ್ರಿಯಾಪದವೂ ಬೇಡ. ‘ವೆಲ್’ ಮಾತ್ರ ‘ಹೌ’ ಪಕ್ಕಕ್ಕೆ ಸರಿಯಬೇಕು, ‘ಶೀ’ ಮತ್ತು ‘ಸಿಂಗ್’ ತಮ್ಮ ಕ್ರಮದಲ್ಲೇ ಇರಬೇಕು ಎಂದರು. ನಾವು ಹಾಗೆಯೇ ನಿಂತೆವು. ಆದರೂ ಟೀಚರ್ ಏನನ್ನೋ ಕಾಯುವಂತೆ ನನ್ನ ಸ್ಲೇಟನ್ನೇ ನೋಡುತ್ತಿದ್ದರು. ನಾನು ಬಳಪ ತೆಗೆದುಕೊಂಡು, ಒರೆಸಿದ ಜಾಗದಲ್ಲಿ ಎಸ್ ಅನ್ನು ಮತ್ತೆ ಬರೆದೆ.