ರಾತ್ರಿ ಇಲ್ಲೇನಿದೆ ಚಿಕ್ಕಮ್ಮ?

ಡಿಸೆಂಬರ್ 28, 2024, ಶನಿವಾರ
ಮಂಗಳೂರು

ಅಕ್ಕನ ಮಗಳು ಬೆಂಗಳೂರಿನಿಂದ ಗೆಳತಿಯನ್ನೂ ಕರೆದುಕೊಂಡು ಬಂದಿದ್ದಾಳೆ. ಹಗಲಿಡೀ ಸುತ್ತಾಟ. ಸೇಂಟ್ ಅಲೋಶಿಯಸ್ ಚಾಪೆಲ್‌ನಲ್ಲಿ ಆ ಗೆಳತಿ ಎತ್ತಿದ ತಲೆ ಇಳಿಸಲೇ ಇಲ್ಲ. ಇಟಲಿಯಿಂದ ಬಂದ ಮೊಸ್ಕೆನಿ ಎಂಬ ಜೆಸ್ವಿಟ್ ಬ್ರದರ್ ಗೋಡೆ, ಮಾಡು ಒಂದೂ ಬಿಡದೆ ಬರೆದ ಚಿತ್ರಗಳು. 120 ವರ್ಷ ದಾಟಿದರೂ ಬಣ್ಣ ನೋಡಬೇಕು!

ಮಧ್ಯಾಹ್ನ ಮೀನೂಟ. ಕಾಣೆ ರವಾ ಫ್ರೈ, ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ. ಗೆಳತಿಗೆ ಮುಳ್ಳಿನ ಭಯ. ಕಾಣೆಯ ಬೆನ್ನಿನ ಮೇಲೆ ಬೆರಳಿನಿಂದ ಒತ್ತಿ, ಎರಡು ಬದಿಯ ಮಾಂಸ ಬಿಡಿಸಿ, ನಡುಮುಳ್ಳನ್ನು ಒಂದೇ ಸಲಕ್ಕೆ ಎಳೆದು ತೋರಿಸಿದೆ. ಆಮೇಲೆ ಎರಡನೇ ಮೀನು ಅವಳೇ ಬಿಡಿಸಿದಳು. ಪುಳಿಮುಂಚಿಗೆ ಕಣ್ಣಲ್ಲಿ ನೀರು ಬಂತು, ಆದರೂ ಬಿಡಲಿಲ್ಲ.

ಸಂಜೆ ಪಣಂಬೂರು. ರಜೆಯ ಜನ ಎಂದರೆ ಜನ. ಸೂರ್ಯ ಮುಳುಗುತ್ತಲೇ ಜೀವರಕ್ಷಕರು ಸೀಟಿ ಊದಿ ಎಲ್ಲರನ್ನೂ ನೀರಿನಿಂದ ಮೇಲೆ ಕಳಿಸಿದರು. ನಾವು ಚುರುಮುರಿ ಹಿಡಿದು ಮರಳಿನಲ್ಲಿ ಕೂತೆವು. ಬಂದರಿಗೆ ಬರಲು ಕಾದಿದ್ದ ಹಡಗುಗಳಲ್ಲಿ ಒಂದೊಂದೇ ದೀಪ ಹೊತ್ತಿಕೊಂಡಿತು.

"ರಾತ್ರಿ ಇಲ್ಲೇನಿದೆ ಚಿಕ್ಕಮ್ಮ?" ಕೇಳಿದಳು.

"ಐಸ್‌ಕ್ರೀಂ ಇದೆ, ಗಡ್‌ಬಡ್ ತಿನ್ನೋಣ" ಎಂದೆ.

"ಅದಲ್ಲ. ನಾವಿಬ್ಬರೇ ಹೋಗಿ ಹಾಡು ಕೇಳಿ, ಕುಣಿದು ಬರುವಂಥದ್ದು."

ಇದೆ. ಯಾಕಿಲ್ಲ? ಪಬ್‌ಗಳಿವೆ, ಕಡಲ ಕಡೆ ರೆಸಾರ್ಟ್‌ಗಳಿವೆ. ಆದರೆ ನನಗೆ ಮಾತೇ ಹೊರಡಲಿಲ್ಲ. 2009ರ ಜನವರಿ 24ಕ್ಕೆ ಇವಳಿಗೆ ಆರು ವರ್ಷ. ಇದೇ ಊರಿನ ಪಬ್‌ನಿಂದ ಹುಡುಗಿಯರನ್ನು ಎಳೆದು ಹೊಡೆದದ್ದನ್ನು ಟಿವಿಯಲ್ಲಿ ಮತ್ತೆ ಮತ್ತೆ ತೋರಿಸಿದರು. 2012ರಲ್ಲಿ ಇಲ್ಲಿಯ ಪಡೀಲಿನ ಹೋಂಸ್ಟೇಗೆ ನುಗ್ಗಿ ಮತ್ತೆ ಹೊಡೆತ. ಅಲ್ಲಿದ್ದದ್ದು ಒಂದು ಹುಟ್ಟುಹಬ್ಬ, ಅಷ್ಟೇ. ಪಬ್ ಕೇಸಿನಲ್ಲಿ ವಿಚಾರಣೆ ಎದುರಿಸಿದವರು 2018ರಲ್ಲಿ ಬಿಡುಗಡೆಯಾದರು, ಸಾಕ್ಷ್ಯ ಸಾಲದು ಅಂತ. ಊರೇ ನೋಡಿದ್ದಕ್ಕೆ ಸಾಕ್ಷ್ಯ ಸಾಲದು. ಇದನ್ನೆಲ್ಲ ಹೇಳಿ ಅವಳ ಸಂಜೆ ಯಾಕೆ ಹಾಳು ಮಾಡಲಿ? ಹೇಳದೆ ಸುಮ್ನೆ "ಬೇಡ" ಅಂದರೂ ತಪ್ಪಲ್ವಾ? ಸಿಟ್ಟು ಬರುತ್ತದೆ. ಅವಳ ಮೇಲಲ್ಲ.

ಗಡ್‌ಬಡ್ ತಿಂದು ಮನೆಗೆ ಬಂದೆವು. ಅತ್ತೆ ಎಲ್ಲ ಕೇಳಿಸಿಕೊಂಡರು.

"ಎಂತ ಹೆದರಿಕೆ ಮಾರಾಯ್ತಿ? ನಾವು ಹುಡುಗಿಯರು ಇಡೀ ರಾತ್ರಿ ಆಟ ನೋಡ್ತಿದ್ದೆವು. ತೆಂಗಿನ ಗರಿಯ ಸೂಟೆ ಉರಿಸಿ ಬೀಸಿಕೊಂಡು ಗದ್ದೆಯ ಹುಣಿಯಲ್ಲೇ ನಡೆದದ್ದು."

"ಆಟ ಅಂದ್ರೆ ಯಕ್ಷಗಾನವಾ ಅಜ್ಜಿ?"

"ಮತ್ತೆ? ದೇವಿ ಮಹಾತ್ಮೆ ಆದರೆ ನಿದ್ರೆ ಇಲ್ಲವೇ ಇಲ್ಲ. ಮಹಿಷಾಸುರ ನಮ್ಮ ಹಿಂದಿನಿಂದ, ಜನರ ನಡುವೆಯೇ ಬೆಂಕಿ ಹಿಡಿದು ಬರುವುದು. ಕೂಗಿ ಕೂಗಿ ಸ್ವರ ಹೋಗ್ತಿತ್ತು. ಚಾ ಕುಡಿದು, ಕಡಲೆ ತಿಂದು, ಬೆಳಗ್ಗೆ ಮನೆಗೆ ಬಂದು ನೇರ ದನದ ಹಟ್ಟಿಗೆ."

ಅತ್ತೆಯ ಮುಖ ನೋಡಬೇಕಿತ್ತು. ಇಷ್ಟು ವರ್ಷ ಜೊತೆಗಿದ್ದೂ ಅವರು ಕೂಗಿದ್ದನ್ನು ನಾನು ಊಹಿಸಿಯೇ ಇರಲಿಲ್ಲ. ಜೊತೆಗೆ ಹಿರಿಯ ಹೆಂಗಸರು ಇರುತ್ತಿದ್ದರು, ನಿಜ. ಆದರೂ ರಾತ್ರಿ ಅವರದ್ದಾಗಿತ್ತು. ನೆಲದಲ್ಲಿ ಚಾಪೆ ಹಾಸಿ ಕೂತು, ನಕ್ಕು, ಕಿರುಚಿ, ಯಾರಿಗೂ ಲೆಕ್ಕ ಕೊಡದೆ ಬೆಳಗು ಮಾಡುತ್ತಿದ್ದರು. ಈ ಊರಿನಲ್ಲಿ ಹುಡುಗಿಯರು ರಾತ್ರಿ ಹೊರಗೆ ಇರುವುದು ಹೊಸ ಚಾಳಿ ಎನ್ನುವವರು ಅತ್ತೆಯನ್ನು ಒಮ್ಮೆ ಕೇಳಲಿ.

ಈಗ ಹುಡುಗಿಯರಿಬ್ಬರಿಗೂ ಆಟ ನೋಡಲೇಬೇಕಂತೆ. ಕುಣಿತದ ಮಾತು ಬಿಟ್ಟಿಲ್ಲ, ಅದು ಸೋಮವಾರಕ್ಕಂತೆ. ನಾಳೆ ಎಲ್ಲಿ ಆಟ ಉಂಟು ಎಂದು ಅತ್ತೆ ಪಕ್ಕದ ಮನೆಗೆ ಫೋನ್ ಮಾಡಿ ವಿಚಾರಿಸುತ್ತಿದ್ದಾರೆ. ಈಗ ಕಾಲಮಿತಿಯದ್ದೇ ಜಾಸ್ತಿ, ಮಧ್ಯರಾತ್ರಿಗೆ ಮುಗಿಸಿಬಿಡುತ್ತಾರೆ. ಮಧ್ಯರಾತ್ರಿ ಎಂದರೆ ಬಸ್ಸಿಲ್ಲ. ಇವರು ಭಾವನ ಕಾರು ತೆಗೆದುಕೊಂಡು ಹೋಗಿ ಎನ್ನುತ್ತಿದ್ದಾರೆ. ಡ್ರೈವಿಂಗ್ ಅಕ್ಕನ ಮಗಳಿಗೂ ಬರುತ್ತದೆ. ಅತ್ತೆಯೂ ಹೊರಟಿದ್ದಾರೆ, ಮಂಡಿನೋವಿನ ಸುದ್ದಿಯೇ ಇಲ್ಲ. ಹಾಗಾದರೆ ನಾವು ನಾಲ್ಕು ಜನ ಹೆಂಗಸರೇ. ದಾರಿಯಲ್ಲಿ ಯಾರಾದರೂ ನಿಲ್ಲಿಸಿ ಎಲ್ಲಿಗೆ ಎಂದು ಕೇಳಿದರೆ