ಮೂರು ಫ್ರೇಮಿಗೊಮ್ಮೆ ಕಣ್ಣು ಹೊಡೆಯೋ ಗೋಡೆ

ಎರಡು ರಾತ್ರಿ ತಿಂತು ಇದು. ಫ್ರೆಂಡ್ ಒಬ್ಬನ್ನ ಕೂರಿಸಿ ಮಾತಾಡಿಸಿದ ವಿಡಿಯೋ, ಟ್ಯೂಬ್‌ಲೈಟ್ ಬೆಳಕಲ್ಲಿ ಫೋನಲ್ಲೇ ಶೂಟ್ ಮಾಡಿದ್ದು, ಆಗ ಆ ಪುಟ್ಟ ಸ್ಕ್ರೀನಲ್ಲಿ ಏನೂ ಗೊತ್ತಾಗಿರ್ಲಿಲ್ಲ, ಎಡಿಟಿಂಗ್ ಸಾಫ್ಟ್‌ವೇರಿಗೆ ತಂದು ಪ್ಲೇ ಒತ್ತಿದ್ರೆ ಅವನ ಹಿಂದಿನ ಬಿಳಿ ಗೋಡೆ ಪಟಪಟ ಕಣ್ಣು ಹೊಡೀತಿದೆ. ಸಾಲದ್ದಕ್ಕೆ ಆಗಾಗ ಇಡೀ ಚಿತ್ರಾನೇ ಕಪ್ಪಾಗಿ ವಾಪಸ್ ಬರೋದು.

ನಾನು ಮಾಡಿದ ದಡ್ಡತನ ಅಂದ್ರೆ ಎರಡೂ ಒಂದೇ ರೋಗ ಅಂದ್ಕೊಂಡಿದ್ದು. ಸಾಫ್ಟ್‌ವೇರಿಗೆ ಬೈದೆ, ಅದು ಕೂಡಿಟ್ಟ ತಾತ್ಕಾಲಿಕ ಫೈಲು (ಕ್ಯಾಶ್) ಎಲ್ಲಾ ಡಿಲೀಟ್ ಮಾಡಿದೆ, ಕೊನೆಗೆ ರೀಇನ್‌ಸ್ಟಾಲೂ ಮಾಡಿದೆ, ಗೋಡೆ ಜಪ್ಪಯ್ಯ ಅನ್ಲಿಲ್ಲ.

ಮೊದಲೇ ಮಾಡ್ಬೇಕಿದ್ದ ಕೆಲ್ಸ ಎರಡನೇ ರಾತ್ರಿ ಹೊಳೀತು. ಹತ್ತು ಸೆಕೆಂಡ್ ಎಕ್ಸ್‌ಪೋರ್ಟ್ ಮಾಡಿ ಬೇರೆ ಪ್ಲೇಯರಲ್ಲಿ ನೋಡಿದೆ. ಕಪ್ಪು ಮಿಂಚೋದು ಇಲ್ವೇ ಇಲ್ಲ, ಗೋಡೆ ಮಾತ್ರ ಹಾಗೇ ಇದೆ. ಅಂದ್ರೆ ಕಪ್ಪಾಗೋದು ಬರೀ ಪ್ರಿವ್ಯೂ ತಕರಾರು. ಪ್ಲೇಬ್ಯಾಕನ್ನ ಜಿಪಿಯು (ಗ್ರಾಫಿಕ್ಸ್ ಚಿಪ್) ಬಿಡಿಸಿ ಸಾಫ್ಟ್‌ವೇರ್ ಮೋಡಿಗೆ ಹಾಕಿದ ತಕ್ಷಣ ನಿಂತೋಯ್ತು, ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ ಮತ್ತೆ ಜಿಪಿಯುಗೆ ತಂದೆ, ತಿರ್ಗಾ ಬಂದಿಲ್ಲ. (ಎಕ್ಸ್‌ಪೋರ್ಟಲ್ಲೂ ಕಪ್ಪು ಬರ್ತಿದ್ರೆ ಎರಡು ಕ್ಲಿಪ್ ಮಧ್ಯೆ ಒಂದು ಫ್ರೇಮ್ (ವಿಡಿಯೋದ ಒಂದೇ ಒಂದು ಚಿತ್ರ) ಗ್ಯಾಪ್ ಉಳಿದಿದ್ಯಾ ನೋಡಿ, ಝೂಮ್ ಮಾಡ್ದೆ ಅದು ಕಣ್ಣಿಗೇ ಬೀಳಲ್ಲ.)

ಇನ್ನು ಗೋಡೆ. ಒರಿಜಿನಲ್ ಫೈಲ್ ಓಪನ್ ಮಾಡಿ ಆ್ಯರೋ ಕೀ ಒತ್ತಿ ಒಂದೊಂದೇ ಫ್ರೇಮ್ ಮುಂದಕ್ಕೆ ಹೋದೆ. ಮೊದಲ್ನೇದ್ರಲ್ಲಿ ಗೋಡೆ ಮೇಲ್ಗಡೆ ಒಂದು ಮಸುಕು ಪಟ್ಟಿ, ಮುಂದಿನದ್ರಲ್ಲಿ ಅದು ಜಾಗ ಬದಲಾಯಿಸಿದೆ, ಅದರ ಮುಂದಿನದ್ರಲ್ಲಿ ಇನ್ನೊಂದು ಕಡೆ, ನಾಲ್ಕನೇದು ಥೇಟ್ ಮೊದಲ್ನೇದರ ಥರಾನೇ. ಹತ್ತಿಪ್ಪತ್ತು ಸಲ ಎಣಿಸಿದೆ, ಪ್ರತೀ ಸಲ ಮೂರಕ್ಕೇ ತಿರುಗಿ ಬರ್ತಿತ್ತು.

ಆ ಮೂರು ಎಲ್ಲಿಂದ ಬಂತು ಅಂತ ತಲೆ ಕೆರ್ಕೊಂಡು ಲೆಕ್ಕ ಹಾಕಿದ್ರೆ ಸರಿಯಾಗೇ ಇದೆ. 50 ಹರ್ಟ್ಜ್ ಕರೆಂಟಲ್ಲಿ ಲೈಟು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತೆ. ಫೋನು ತೆಗೆದಿದ್ದು ಸೆಕೆಂಡಿಗೆ 30 ಫ್ರೇಮು. ಅಂದ್ರೆ ಒಂದು ಫ್ರೇಮಿಗೆ ಮೂರು ಪೂರ್ತಿ ಏರಿಳಿತ, ಮೇಲೆ ಇನ್ನೊಂದರ ಮೂರನೇ ಒಂದು ಭಾಗ, ಹಾಗಾಗಿ ಪ್ರತೀ ಫ್ರೇಮೂ ಬೆಳಕನ್ನ ಒಂಚೂರು ಬೇರೆ ಹಂತದಲ್ಲಿ ಹಿಡಿಯುತ್ತೆ, ಮೂರು ಫ್ರೇಮಿಗೆ ಸರಿಯಾಗಿ ಹತ್ತು ಏರಿಳಿತ ಮುಗಿದು ಮೊದಲಿದ್ದಲ್ಲಿಗೇ ಬರುತ್ತೆ. ಫೋನ್ ಕ್ಯಾಮೆರಾದ ಸೆನ್ಸರ್ ಚಿತ್ರಾನ ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದೋದ್ರಿಂದ ಅದು ಪಟ್ಟಿ ಥರ ಕಾಣೋದು. ಶಟರ್ (ಒಂದು ಫ್ರೇಮಿಗೆ ಎಷ್ಟು ಹೊತ್ತು ಬೆಳಕು ಬಿಡ್ಬೇಕು ಅನ್ನೋದು) ಆಟೋದಲ್ಲಿ ಬಿಟ್ಟಿದ್ದು ನನ್ನ ತಪ್ಪು. 1/50 ಅಥವಾ 1/100 ಸೆಕೆಂಡಿಗೆ ಲಾಕ್ ಮಾಡಿದ್ರೆ ಪ್ರತೀ ಫ್ರೇಮಲ್ಲೂ ಪೂರ್ತಿ ಏರಿಳಿತಾನೇ ಸಿಕ್ಕಿ ಈ ರಗಳೆ ಇರ್ತಿರ್ಲಿಲ್ಲ. 60 ಹರ್ಟ್ಜ್ ಕರೆಂಟ್ ಇರೋ ಕಡೆ 1/60, 1/120.

ಆಗಿದ್ದಾಯ್ತು, ರೀಶೂಟ್‌ಗೆ ಅವ್ನು ಸಿಗಲ್ಲ. ಎಫ್‌ಎಫ್‌ಎಂಪೆಗ್ ಅನ್ನೋ ಫ್ರೀ ವಿಡಿಯೋ ಟೂಲಿನ ಡಿಫ್ಲಿಕರ್ (ಮಿಣುಕು ತೆಗೆಯೋ) ಫಿಲ್ಟರ್ ಇಡೀ ಫ್ರೇಮಿನ ಬ್ರೈಟ್‌ನೆಸ್ ಸಮ ಮಾಡುತ್ತೆ, ಟೈಮ್‌ಲ್ಯಾಪ್ಸಿಗೆ ಚೆನ್ನಾಗಿದೆ, ಪಟ್ಟಿಗೆ ಉಪಯೋಗ ಇಲ್ಲ. ಡಾವಿಂಚಿ ರಿಸಾಲ್ವ್ ಸ್ಟುಡಿಯೋ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಇದಕ್ಕೇ ಅಂತ ಡಿಫ್ಲಿಕರ್ ಇದೆ ಆದ್ರೆ ಅದು ದುಡ್ಡು ಕೊಟ್ಟು ತಗೊಳ್ಳೋ ವರ್ಷನ್ನು.

ಮೂರು ಫ್ರೇಮಿಂದೇ ಆಟ ಆದ್ರೆ ಮೂರೂ ಕಲಸಿಬಿಡೋಣ ಅನ್ನಿಸ್ತು. ಅದೇ ಕ್ಲಿಪ್ಪನ್ನ ಒಂದರ ಮೇಲೊಂದು ಮೂರು ಲೇಯರ್ ಹಾಕಿದೆ, ಕೆಳಗಿಂದು ಒಪ್ಯಾಸಿಟಿ (ಎಷ್ಟು ಗಟ್ಟಿಯಾಗಿ ಕಾಣ್ಬೇಕು ಅನ್ನೋದು) ಶೇಕಡಾ 100, ಮಧ್ಯದ್ದು ಒಂದು ಫ್ರೇಮ್ ಮುಂದೆ ತಳ್ಳಿ 50, ಮೇಲಿಂದು ಎರಡು ಫ್ರೇಮ್ ತಳ್ಳಿ 33. ಹಿಂಗೆ ಇಟ್ರೆ ಮೂರಕ್ಕೂ ಸಮ ಪಾಲು ಬರುತ್ತೆ. ಪ್ಲೇ ಒತ್ತಿದೆ, ಗೋಡೆ ಗಪ್‌ಚುಪ್. ನಂಬಕ್ಕಾಗ್ಲಿಲ್ಲ, ಲೇಯರ್ ಆಫ್ ಮಾಡಿ ಆನ್ ಮಾಡಿ ನೋಡ್ತಾ ಕೂತಿದ್ದೆ. ಮೇಲಿನ ಎರಡು ಲೇಯರ್ ಆಡಿಯೋ ಮ್ಯೂಟ್ ಮಾಡೋದು ಮರೀಬೇಡಿ, ಇಲ್ದಿದ್ರೆ ದನಿ ಡಬ್ಬದೊಳಗಿಂದ ಬಂದಂಗೆ ಕೇಳುತ್ತೆ. ಟೈಮ್‌ಲೈನೂ ಸೆಕೆಂಡಿಗೆ 30 ಫ್ರೇಮಲ್ಲೇ ಇರ್ಲಿ. ಫೋನ್ ಫೂಟೇಜು ವೇರಿಯಬಲ್ ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು ಹೆಚ್ಚು ಕಮ್ಮಿ ಆಗ್ತಿರೋದು) ಆಗಿದ್ರೆ ಮೊದ್ಲು ಕಾನ್‌ಸ್ಟಂಟ್‌ಗೆ ಕನ್ವರ್ಟ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಮೂರರ ಲೆಕ್ಕ ಮಧ್ಯದಲ್ಲೇ ಎಡವುತ್ತೆ.

ಮನುಷ್ಯ ಅಲ್ಲಾಡಿದ್ರೆ ಮಾತ್ರ ಕೈಗೆ ದೆವ್ವದ ನೆರಳು ಬರುತ್ತೆ, ಮೂರು ಕೈ ಮೂರು ತುಟಿ. ಅದಕ್ಕೆ ಅವನ ಸುತ್ತ ಮಾಸ್ಕ್ ಎಳೆದು ಒಳಗೆ ಒರಿಜಿನಲ್ ಬಿಟ್ಟೆ, ಅಂಚು ಗೆರೆ ಥರ ಕಾಣದ ಹಾಗೆ ಧಾರಾಳ ಫೆದರ್ ಕೊಟ್ಟು ಮಸುಕು ಮಾಡಿದೆ. ಮುಖದ ಮೇಲೂ ಮಿಣುಕು ಇದ್ದೇ ಇದೆ ಆದ್ರೆ ಗೋಡೆ ಸುಮ್ನಿದ್ರೆ ಯಾರ ಕಣ್ಣೂ ಅಲ್ಲಿಗೆ ಹೋಗಲ್ಲ. ಒಂದು ಕಡೆ ಅವ್ನು ಎದ್ದು ಗೋಡೆಗೆ ಒರಗ್ತಾನೆ, ಅಲ್ಲಿ ಮಾಸ್ಕೂ ಕೈ ಕೊಡ್ತು, ಆ ನಾಲ್ಕು ಸೆಕೆಂಡ್ ಮೇಲೆ ಒಂದು ಫೋಟೋ ಹಾಕಿ ಮುಚ್ಚಿಬಿಟ್ಟೆ.